ಕೇಸೊಂದಿದ್ದು

ಪುಣೆ
೩ ಆಗಸ್ಟ್ ೨೦೨೪

ಮಿತ್ರ ಕುಕ್ಕಪ್ಪನಿಗೆ,

ನಿನ್ನ ಕಿವಿಗೆ ಯಂತ್ರ ಬಂದ ಮೇಲೆ ಫೋನಿನಲ್ಲಿ ನಮ್ಮ ಸಂಭಾಷಣೆ "ಎಂತ?" ಮತ್ತು "ಹಾಂ?" ಎಂಬ ಎರಡು ಪದಗಳಿಗೆ ಇಳಿದಿದೆ. ಆದುದರಿಂದ ಅಂಚೆಯನ್ನು ನೆಚ್ಚಿದ್ದೇನೆ. ಈ ಪತ್ರವನ್ನು ನಿನ್ನ ಹೆಂಡತಿ ಲೋಲಾಕ್ಷಿಯ ಕೈಗೆ ಸಿಗದಂತೆ ಇಡು. ನನ್ನ ಪರಮೇಶ್ವರಿಗಂತೂ ಇದರ ಸುಳಿವೂ ಹತ್ತಬಾರದು.

ಪುತ್ತೂರಿನಿಂದ ಹೊರಡುವಾಗ ನಾನು ಹೆಂಡತಿಗೆ ಹೇಳಿದ್ದು, ಮಗಳು ತನ್ಮಯಿಯ ಬಾಡಿಗೆ ಮನೆಯ ಸಾಮಾನು ಕಟ್ಟಿ, ಕೀಲಿಕೈ ಒಪ್ಪಿಸಿ ಬರುತ್ತೇನೆ ಎಂದು. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಮೂವತ್ತನಾಲ್ಕು ವರ್ಷ ಕಡಬದಲ್ಲಿ ದಸ್ತಾವೇಜು ಬರೆದವನಿಗೆ ಆ ಎರಡರ ನಡುವಿನ ಗಡಿಕಲ್ಲು ಎಲ್ಲಿದೆಯೆಂದು ಗೊತ್ತು.

ಸತ್ಯ ಹೀಗಿದೆ. ಮೇ ಹನ್ನೊಂದರ ಶನಿವಾರ ಮಧ್ಯಾಹ್ನ ಮಗಳು ಫೋನು ಮಾಡಿದಳು. ಸುತ್ತ ಗದ್ದಲ, ತಟ್ಟೆಗಳ ಸದ್ದು. "ಅಪ್ಪಾ, ಇಲ್ಲಿ ಕೇಸೊಂದಿದ್ದು. ನಿಂಗೊ ಒಂದರಿ ಬರೆಕ್ಕು" ಎಂದಳು. ನಮ್ಮ ಹವ್ಯಕರ ಮನೆಮಾತು ನಿನಗೆ ಅಪರಿಚಿತವಲ್ಲ: ಇಲ್ಲೊಂದು ಕೇಸು ಇದೆ, ನೀವು ಒಮ್ಮೆ ಬರಬೇಕು. ನಾನಾಗ ಒಂದು ಪಾಲುಪಟ್ಟಿಯ ಕರಡು ತಿದ್ದುತ್ತಿದ್ದೆ. ಯಾವ ಕೇಸು, ಯಾರ ಮೇಲೆ, ಯಾರು ಹಾಕಿದ್ದು, ಒಂದನ್ನೂ ಕೇಳಲಿಲ್ಲ. "ಕೇಸು ಮಾಡಿಕೊಂಡವರೇ ಅದನ್ನು ಮುಗಿಸಬೇಕು" ಎಂದು ಹೇಳಿ ಫೋನು ಇಟ್ಟೆ. ವಾಕ್ಯ ಅಚ್ಚುಕಟ್ಟಾಗಿ ಬಂತೆಂದು ಆ ಕ್ಷಣದಲ್ಲಿ ಸಂತೋಷವನ್ನೂ ಪಟ್ಟೆ.

ಆಮೇಲೆ ಅವಳು ತಾಯಿಗೆ ಫೋನು ಮಾಡಿದಾಗಲೆಲ್ಲ ನಾನು ಎದ್ದು ಹೊರಗೆ ಹೋದೆ. ತಾನಾಗಿ ವಿವರ ಹೇಳಲಿ ಎಂಬುದು ನನ್ನ ನಿಲುವು. ಒಂಬತ್ತನೆಯ ದಿನ ಮೆದುಳಿನ ರಕ್ತನಾಳ ಒಡೆದು ಅವಳು ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು ವೈದ್ಯರು. ಎದುರು ಪಕ್ಷವೇ ಇಲ್ಲದ ಚರ್ಚೆಯಲ್ಲಿ ನಾನು ಈವರೆಗೆ ನಿಂತವನಲ್ಲ.

ಮಗಳು ಯಾವ ಸಂಕಟದಲ್ಲಿದ್ದು ನನ್ನನ್ನು ಕರೆದಳು? ನಾನು ಯಾವುದಕ್ಕೆ ಬೆನ್ನು ಹಾಕಿದೆ? ಇದನ್ನು ತಿಳಿಯದೆ ನಾನು ಊರಿಗೆ ಮರಳಲಾರೆ.

ಒಂದು ಆಧಾರ ಸಿಕ್ಕಿದೆ. ಅವಳು ಇಲ್ಲಿನ ನಾಯಿ ಬೆಕ್ಕುಗಳ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದಳಷ್ಟೆ. ಮೇಜಿನ ಮೇಲಿದ್ದ ಕಿರುಪುಸ್ತಕದ ತುಂಬ ಔಷಧಿಗಳ ಪ್ರಮಾಣ. ಕೊನೆಯ ಪುಟದಲ್ಲಿ ಮಾತ್ರ ಕನ್ನಡದಲ್ಲಿ ನಾಲ್ಕು ವಿಚಿತ್ರ ಹೆಸರುಗಳು. ಒಂದೊಂದರ ಮುಂದೆಯೂ ಷರಾ: "ಕೇ. ಸೋತಿತು", "ಕೇ. ತೆಳು, ವಜಾ", "ಕೇ. ಮುಂದೂಡಿಕೆ", "ಕೇ. ಗೆದ್ದಿತು. ಅಪ್ಪ?" ಕೊನೆಯದರ ತಾರೀಕು ಮೇ ಹನ್ನೊಂದು. ಗೆದ್ದ ದಿನವೇ ನನ್ನನ್ನು ಕರೆದದ್ದೇಕೆ? ಆ ಪ್ರಶ್ನಾರ್ಥಕ ಚಿಹ್ನೆ ಏಕೆ? ಹಾಸ್ಟೆಲಿನಿಂದ ಅವಳು ಬರೆದ ಪತ್ರಗಳಲ್ಲಿ ಮನೆಮಾತು ನುಸುಳಿದಲ್ಲೆಲ್ಲ ಕೆಂಪು ಶಾಯಿಯಿಂದ ತಿದ್ದಿ ಮರಳಿ ಕಳುಹಿಸುತ್ತಿದ್ದವನು ನಾನು. ಈ ಪುಟದಲ್ಲಿ ತಿದ್ದಲು ಏನೂ ಇಲ್ಲ. ಅರ್ಥವಾಗುವುದೂ ಇಲ್ಲ.

ಆ ಹೆಸರುಗಳು ಮೆಕ್ಸಿಕೋ ದೇಶದ ಅಡುಗೆಯ ಹೋಟೆಲುಗಳದ್ದು ಎಂದರು ಮನೆಯೊಡತಿ. ವಕೀಲರನ್ನೋ ಎದುರುವಾದಿಗಳನ್ನೋ ಅವಳು ಅಲ್ಲಿ ಕಾಣುತ್ತಿದ್ದಿರಬೇಕು. ಇಂದು ಮೊದಲನೆಯದಾದ ಕಾಸಾ ಅಮರಿಲ್ಲಾಕ್ಕೆ ಹೋಗಿ, ಅವಳ ಭಾವಚಿತ್ರ ತೋರಿಸಿದೆ. ಯಾರಿಗೂ ನೆನಪಿಲ್ಲ. ಸುಮ್ಮನೆ ಕೂರಬಾರದೆಂದು ಸಸ್ಯಾಹಾರ ಏನಾದರೂ ಕೊಡಿ ಎಂದೆ. ಚಪಾತಿಯೊಳಗೆ ಅನ್ನ, ಅನ್ನದೊಳಗೆ ಬೇಯಿಸಿದ ಕಾಳು, ಎಲ್ಲವನ್ನೂ ಹಾಸಿಗೆ ಸುತ್ತಿದಂತೆ ಸುತ್ತಿ ತಂದರು. ಅನ್ನವನ್ನು ಚಪಾತಿಯಲ್ಲಿ ಕಟ್ಟಿದವರ ಉದ್ದೇಶ ನನಗೆ ಹೊಳೆಯಲಿಲ್ಲ. ಉದ್ದೇಶ ತಿಳಿಯದೆ ಅರ್ಧ ತಿಂದೆ.

ನಿನ್ನ ಅಭಿಪ್ರಾಯ ತಿಳಿಸು.

ಇತಿ,
ಯಜ್ಞೇಶ್ವರ ಭಟ್


ಸುಳ್ಯ
೯ ಆಗಸ್ಟ್ ೨೦೨೪

ಭಟ್ಟಾ,

ನಿನ್ನ ಕಾಗದ ಬಂತು. ಒಮ್ಮೆ ಓದಿದೆ, ಆಗ್ಲಿಲ್ಲ. ತೋಟದ ಹತ್ರ ಹೋಗಿ ಇನ್ನೊಮ್ಮೆ ಓದಿದೆ. ಮೂರು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ತಿರುಗಿದ್ದಿಯಲ್ಲ ಮಾರಾಯ, ನೀನು ಎಂತ ಮನುಷ್ಯ?

ಕಾಗದವನ್ನು ರಬ್ಬರ್ ಶೀಟಿನ ಅಟ್ಟಿಯ ಅಡಿಯಲ್ಲಿ ಇಟ್ಟಿದ್ದೇನೆ. ಆ ವಾಸನೆಗೆ ಲೋಲಾಕ್ಷಿ ಅತ್ಲಾಗೆ ಹೋಗುದೇ ಇಲ್ಲ. ಹೆದರ್ಬೇಡ.

ಈಗ ನನ್ನ ವಾದ ಕೇಳು, ನಡುವೆ ಬಾಯಿ ಹಾಕ್ಬೇಡ. "ಕೇ." ಅಂದ್ರೆ ಕೇಸು ಅಂತ ನಿನಗೆ ಯಾರು ಹೇಳಿದ್ದು? ಅದು ಕೇಶವ ಇರ್ಬೇಕು. ಯಾರೋ ಒಬ್ಬ ಕೇಶವ. ಹುಡುಗಿ ಅವನ ಜೊತೆ ನಾಲ್ಕು ಹೋಟೆಲಿಗೆ ಹೋಗಿದ್ದಾಳೆ. ಮೊದ್ಲು ಅವ ಸೋತ, ಆಮೇಲೆ "ತೆಳು", ಅಂದ್ರೆ ಬಡಕಲು ಆಳು, ಬೇಡ ಅಂತ ವಜಾ ಮಾಡಿದ್ಳು. ಕೊನೆಗೆ ಗೆದ್ದ. ಗೆದ್ದ ಮೇಲೆ "ಅಪ್ಪ?" ಅಂತ ಬರೆದಿದ್ದಾಳೆ. ಅಪ್ಪ ಒಪ್ತಾರಾ ಅಂತ. ಎಷ್ಟು ಸರಳ ಉಂಟು ನೋಡು! ನೀನು ಕೋರ್ಟು ಕಚೇರಿ ಅಂತ ಊರೆಲ್ಲ ಸುತ್ತುದು.

ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡ. ಕಾಲೇಜಿನಲ್ಲಿ "ಹೃದಯಕ್ಕಿಂತ ಬುದ್ಧಿ ಮೇಲು" ಅಂತ ಚರ್ಚೆ ಇತ್ತಲ್ಲ, ನೀನು ಪರ, ನಾನು ವಿರೋಧ. ಫಲಕ ನಿನಗೆ ಸಿಕ್ಕಿತು. ಆದ್ರೆ ನಾನು ಮಾತಾಡುವಾಗ ನೀನು ಕೇಳ್ಲೇ ಇಲ್ಲ. ನಾನು ಯಾವಾಗ ಉಸಿರು ಎಳೆದುಕೊಳ್ತೇನೆ ಅಂತ ಕಾಯ್ತಾ ಇದ್ದಿ, ಅಷ್ಟೇ. ಕಿವುಡ ನಾನು ಅಂತ ಈಗ ಎಲ್ಲರೂ ಹೇಳುದು!

ಆ ಚಪಾತಿ ಅನ್ನ ತಿಂದು ಹೊಟ್ಟೆ ಕೆಡಿಸಿಕೊಳ್ಬೇಡ. ಪರಮಕ್ಕನಿಗೆ ಎರಡು ದಿನಕ್ಕೊಮ್ಮೆಯಾದ್ರೂ ಫೋನ್ ಮಾಡು.

ನಿನ್ನ
ಕುಕ್ಕಪ್ಪ


ಪುಣೆ
೧೪ ಆಗಸ್ಟ್ ೨೦೨೪

ಮಿತ್ರ ಕುಕ್ಕಪ್ಪ,

ನಿನ್ನ ಕೇಶವ ವ್ಯಾಕರಣದ ಮುಂದೆ ನಿಲ್ಲುವುದಿಲ್ಲ. ಕೇಶವನಾಗಿದ್ದರೆ "ಸೋತನು", "ಗೆದ್ದನು" ಎಂದಿರಬೇಕಿತ್ತು. ಸದರಿ ಪುಟದಲ್ಲಿರುವುದು "ಸೋತಿತು", "ಗೆದ್ದಿತು". ನನ್ನ ಮಗಳು ಬೇರೆ ಯಾವ ವಿಷಯದಲ್ಲಿ ನನ್ನ ಮಾತು ಮೀರಿದ್ದರೂ ಲಿಂಗವಚನಗಳಲ್ಲಿ ಮೀರಿದವಳಲ್ಲ. ಅದು ವಸ್ತು, ವ್ಯಕ್ತಿಯಲ್ಲ. ನಿನ್ನ ಊಹೆಯೇ ನಿಜವಾಗಿರಲಿ ಎಂದು ಒಂದು ರಾತ್ರಿ ಆಶಿಸಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಕೇಶವನಾಗಿದ್ದರೆ ಅವನ ಮನೆಗೆ ಹೋಗಿ ಎದುರು ಕುಳಿತುಕೊಳ್ಳಬಹುದಿತ್ತು.

ಎರಡನೆಯ ಹೋಟೆಲಿನ ಹೆಸರು ದೋಸ್ ಅಬುವೆಲಾಸ್. ದೋಸೆ ಸಿಗಬಹುದೆಂದು ನಂಬಿ ಹೋದೆ. ಅವರ ಭಾಷೆಯಲ್ಲಿ ದೋಸ್ ಎಂದರೆ ಎರಡು, ಅಬುವೆಲಾಸ್ ಎಂದರೆ ಅಜ್ಜಿಯರು. ಗೋಡೆಯ ಮೇಲೆ ಚಿತ್ರವಾಗಿದ್ದ ಇಬ್ಬರು ಅಜ್ಜಿಯರನ್ನು ಬಿಟ್ಟರೆ ಅಲ್ಲಿ ನಲವತ್ತು ದಾಟಿದವನು ನಾನೊಬ್ಬನೇ. ಬಡಿಸುವವನಿಗೆ ಭಾವಚಿತ್ರ ತೋರಿಸಿ, ಈ ಹುಡುಗಿ ಇಲ್ಲಿ ಯಾರನ್ನಾದರೂ ಕಾಣಲು ಬರುತ್ತಿದ್ದಳೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ನನ್ನನ್ನು ಯಾವ ಬಗೆಯ ತಂದೆಯೆಂದು ಭಾವಿಸಿದನೋ, "ಗಿರಾಕಿಗಳ ವಿಷಯ ನಾವು ಹೇಳುವುದಿಲ್ಲ ಸರ್" ಎಂದು ಗಡುಸಾಗಿ ನುಡಿದು ಒಳಗೆ ಹೋದ. ಅವಳು ಇನ್ನಿಲ್ಲ ಎಂದು ಅವನ ಬೆನ್ನಿಗೆ ಹೇಳುವುದು ನನ್ನಿಂದಾಗಲಿಲ್ಲ.

ಅಲ್ಲಿ ಒಂದು ಸಂಗತಿ ನಡೆಯಿತು. ಇದು ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ. ಪಟ್ಟಿಯಲ್ಲಿ ಬೆರಳಿಟ್ಟಲ್ಲಿ ಬಂದದ್ದು ಜೋಳದ ತೆನೆಯ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಹಿಟ್ಟು. ಹಲಸಿನ ಎಲೆಯಲ್ಲಿ ಪರಮೇಶ್ವರಿ ಮಾಡುವ ಕೊಟ್ಟಿಗೆ ಕಡುಬಿನ ದಾಯಾದಿ. ಸಿಪ್ಪೆಯನ್ನು ಹೇಗೆ ಬಿಡಿಸುವುದೆಂದು ತೋರಿಸಲು ಬಂದವನು, ನನ್ನ ಕೈ ಅದಾಗಲೇ ಬಿಡಿಸಿದ್ದನ್ನು ಕಂಡು ನಿಂತ. ತನ್ಮಯಿಯೂ ಹೀಗೆಯೇ ಬಿಡಿಸಿರಬೇಕು. ಚಿಕ್ಕವಳಿದ್ದಾಗ ಎಲೆಗೆ ಅಂಟಿದ್ದನ್ನು ಹಲ್ಲಿನಿಂದ ಕೆರೆಯುತ್ತಿದ್ದಳು, ನಾನು ಗದರುತ್ತಿದ್ದೆ. ಈಗ ಜೋಳದ ಸಿಪ್ಪೆಗೆ ಅಂಟಿದ್ದನ್ನು ನೋಡುತ್ತ ಬಹಳ ಹೊತ್ತು ಕುಳಿತೆ. ತಿನ್ನಲಿಲ್ಲ.

ಮೂರನೆಯ ಹೋಟೆಲು ಮುಚ್ಚಿ, ಆ ಜಾಗದಲ್ಲಿ ಕನ್ನಡಕದ ಅಂಗಡಿಯಾಗಿದೆ. ಮುಂದೂಡಿದ ಪ್ರಕರಣ ಅಲ್ಲಿಗೇ ನಿಂತಿತೋ, ನಾಲ್ಕನೆಯ ಕಡೆಗೆ ವರ್ಗವಾಯಿತೋ ತಿಳಿಯದು. ಇಲ್ಲಿನ ನ್ಯಾಯಾಲಯದಲ್ಲಿ ವಿಚಾರಿಸಿದೆ. ಅವಳ ಹೆಸರಿನಲ್ಲಿ ಯಾವ ದಾವೆಯೂ ಇಲ್ಲ. ಆಸ್ಪತ್ರೆಯವರೂ ಯಾವ ದೂರೂ ಇರಲಿಲ್ಲ ಎಂದರು. ಇಲ್ಲ ಎನ್ನುವವರು ಹೆಚ್ಚಾದಷ್ಟೂ ನನ್ನ ಗೊಂದಲ ಹೆಚ್ಚುತ್ತಿದೆ. ಕಾಗದದಲ್ಲೇ ಇಲ್ಲದ ಕೇಸು ಎಂಥದ್ದು? ಹೊರಗೆ ಹೇಳಿಕೊಳ್ಳಲಾಗದಂಥದ್ದು ಏನೋ ಇರಬೇಕು. ಅವಳು ಅದನ್ನು ಯಾರಿಗೆ ಹೇಳಬಹುದಿತ್ತೋ ಆ ಒಬ್ಬನೇ ಮನುಷ್ಯ ಫೋನು ಇಟ್ಟುಬಿಟ್ಟ.

ನಾಲ್ಕನೆಯದರ ಹೆಸರು ಲಾ ಹಿಗೇರಾ. ಅಲ್ಲಿಗೆ ಹೋಗಲು ಇನ್ನೂ ಧೈರ್ಯವಾಗಿಲ್ಲ.

ಇತಿ,
ಯಜ್ಞೇಶ್ವರ


ಸುಳ್ಯ
೧೯ ಆಗಸ್ಟ್ ೨೦೨೪

ಭಟ್ಟಾ,

ಗಡಿಬಿಡಿಯಲ್ಲಿ ಬರೀತಿದ್ದೇನೆ. ಕೇಶವನನ್ನು ಹಿಂದೆ ತೆಗೆದುಕೊಂಡೆ. ವ್ಯಾಕರಣದಲ್ಲಿ ನಿನ್ನ ಹತ್ರ ಗೆಲ್ಲುದು ಯಾರು?

ನಿನ್ನೆ ಕಬಕದಲ್ಲಿ ಒಂದು ಮದುವೆ ಇತ್ತು. ಹಾಗೇ ಪುತ್ತೂರಿಗೆ ಹೋಗಿ ಪರಮಕ್ಕನನ್ನು ಮಾತಾಡಿಸಿ ಬಂದೆ. ಚಾ ಕೊಟ್ಟರು. ಸೌಖ್ಯದಲ್ಲಿದ್ದಾರೆ. ನಾನು ಎಂತದನ್ನೂ ಹೇಳ್ಲಿಲ್ಲ.

ನೀನು ಆ ನಾಲ್ಕನೆಯ ಹೋಟೆಲಿಗೆ ಹೋಗ್ಬೇಡ. ಸಾಮಾನು ಕಟ್ಟಿ ಸೀದಾ ಮನೆಗೆ ಬಾ. ಬಂದ ಮೇಲೆ ಮಾತಾಡುವ.

ಕುಕ್ಕಪ್ಪ


ಪುಣೆ
೨೪ ಆಗಸ್ಟ್ ೨೦೨೪

ಕುಕ್ಕಪ್ಪ,

ನೀನು ಬರೆದ ಅತಿ ಚಿಕ್ಕ ಪತ್ರ ಮೊನ್ನೆ ತಲುಪಿತು. ನಲವತ್ತು ವರ್ಷಗಳಲ್ಲಿ ನೀನು ಒಂದು ಮದುವೆಯ ಊಟವನ್ನು ವರ್ಣಿಸದೆ ಬಿಟ್ಟವನಲ್ಲ. ಹೋಗಬೇಡ ಎಂದಿದ್ದೀಯೆ, ಕಾರಣ ಕೊಟ್ಟಿಲ್ಲ. ಪರಮೇಶ್ವರಿಗೆ ಎಲ್ಲವೂ ಗೊತ್ತಿದೆ, ಅದು ನಾನು ಸಹಿಸಲಾಗದಂಥದ್ದು, ಅದನ್ನು ನಿನಗೆ ಹೇಳಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಆದುದರಿಂದಲೇ ಇಂದು ಹೋದೆ.

ಲಾ ಹಿಗೇರಾ ಚಿಕ್ಕ ಜಾಗ. ಎಂಟು ಮೇಜು. ಅದನ್ನು ನಡೆಸುವವರು ಒಬ್ಬ ಮರಾಠಿ ಹೆಂಗಸು, ನಲವತ್ತೈದರ ಪ್ರಾಯ. ಭಾವಚಿತ್ರ ನೋಡಿದ ಕೂಡಲೇ ಅವರ ಮುಖವರಳಿತು. "ಅರೇ, ಕೇಸೊ ಮ್ಯಾಡಂ!" ಎಂದರು.

ಇಡೀ ನಗರದಲ್ಲಿ ಕೇಸಿನ ಸುದ್ದಿ ಬಲ್ಲವರು ಕೊನೆಗೂ ಸಿಕ್ಕಿದ್ದರು. ಕುರ್ಚಿ ಹಿಡಿದು ಕುಳಿತು, "ಯಾವ ಕೇಸು? ನನಗೆ ಪೂರ್ತಿ ಬೇಕು" ಎಂದು ಹಿಂದಿಯಲ್ಲಿ ಕೇಳಿದೆ.

"ಪೂರ್ತಿಯಾ? ಒಬ್ಬರಿಗೆ ಜಾಸ್ತಿಯಾಗ್ತದೆ ಅಂಕಲ್."

"ಎಷ್ಟಿದ್ದರೂ ಚಿಂತೆಯಿಲ್ಲ. ನಾನು ಅವಳ ತಂದೆ."

"ಸರಿ, ಕೂತ್ಕೊಳ್ಳಿ. ಐದೇ ನಿಮಿಷ, ಬಿಸಿಬಿಸಿ ತರ್ತೇನೆ."

ಬಿಸಿ ಎಂಬ ಪದವೂ ನನ್ನನ್ನು ಎಚ್ಚರಿಸಲಿಲ್ಲ. ಕಡತ ಬರುವುದೆಂದು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಪೆನ್ನನ್ನೂ ಮೇಜಿನ ಮೇಲಿಟ್ಟೆ. ಬಂದದ್ದು ಒಂದು ಮಣ್ಣಿನ ಬಟ್ಟಲು. ಅದರಲ್ಲಿ ಕರಗಿದ ಚೀಸು, ಮೇಲೆ ಹಸಿಮೆಣಸಿನ ಚೂರುಗಳು, ಪಕ್ಕದಲ್ಲಿ ಮುಕ್ಕೋನದ ಹಪ್ಪಳಗಳು. "ಕೇಸೊ" ಎಂದರು ಆ ಹೆಂಗಸು.

ಕುಕ್ಕಪ್ಪ, ಅದು ಆ ಪದಾರ್ಥದ ಹೆಸರು. ಹಿಂದಿನ ಎರಡು ಹೋಟೆಲುಗಳ ಪಟ್ಟಿಯಲ್ಲೂ ಅದಿತ್ತು. ಇಂಗ್ಲಿಷಿನಲ್ಲಿ ಅದು ಕ್ಯೂ ಅಕ್ಷರದಿಂದ ಆರಂಭವಾಗುವುದರಿಂದ ನಾನು "ಕ್ವೆಸೊ" ಎಂದು ಓದಿ ಮುಂದೆ ಹೋಗಿದ್ದೆ. ಒಂದು ಹೋಟೆಲಿನದ್ದು ಸೋತಿತು, ಇನ್ನೊಂದರದ್ದು ತೆಳು, ಮೂರನೆಯ ಕಡೆ ಆ ದಿನ ಇರಲಿಲ್ಲ, ಇಲ್ಲಿಯದು ಗೆದ್ದಿತು. ನನ್ನ ಚರ್ಚಾಸ್ಪರ್ಧೆಯ ಪದಗಳನ್ನೂ ಕಚೇರಿಯ ಪದಗಳನ್ನೂ ಬೆರೆಸಿ ಅವಳು ಊಟಕ್ಕೆ ತೀರ್ಪು ಬರೆಯುತ್ತಿದ್ದಳು. "ಕೇಸೊ ಇದ್ದು" ಎಂದಳು ಅವಳು. "ಕೇಸೊಂದಿದ್ದು" ಎಂದು ಕೇಳಿದೆ ನಾನು. ಇಲ್ಲದ ಒಂದು ಸೊನ್ನೆಯನ್ನು ಸೇರಿಸಿದ್ದು ನನ್ನ ಕಿವಿ.

ಅವಳಿಗೆ ಯಾವ ಸಂಕಟವೂ ಇರಲಿಲ್ಲ. ಇದರಿಂದ ನನಗೆ ನೆಮ್ಮದಿಯಾಗಬೇಕಿತ್ತು. ಸ್ವಲ್ಪ ಹೊತ್ತು ಆಯಿತು ಕೂಡ. ಆಮೇಲೆ ಇದು ಹೊಳೆಯಿತು: ಅವಳು ಅಪ್ಪನನ್ನು ಊಟಕ್ಕೆ ಕರೆದಿದ್ದಳು. ರುಚಿಯಾದದ್ದೊಂದು ಸಿಕ್ಕಿತು, ಅಪ್ಪ ಬರಬೇಕು ಎಂದು, ಬಟ್ಟಲು ಎದುರಿಗಿರುವಾಗಲೇ ಫೋನು ಮಾಡಿದಳು. ನಾನು ಅವಳಿಗೆ ಶಿಕ್ಷೆಯ ಆದೇಶ ಓದಿದೆ. ಸಂಕಟದಲ್ಲಿದ್ದವಳನ್ನು ಗದರಿದ್ದರೆ ಸಿಟ್ಟು ಎನ್ನಬಹುದಿತ್ತು. ಇದಕ್ಕೆ ಏನೆನ್ನುವುದು?

ಬಟ್ಟಲನ್ನು ಮುಟ್ಟದೆ ಎದ್ದು ಬಂದೆ. ಆ ಒಂಬತ್ತು ದಿನ ಅವಳು ಏನೆಂದುಕೊಂಡಳೆಂದು ನನಗೆ ಇನ್ನು ಯಾರೂ ಹೇಳಲಾರರು.

ಯಜ್ಞೇಶ್ವರ


ಸುಳ್ಯ
೨೪ ಆಗಸ್ಟ್ ೨೦೨೪

ಭಟ್ಟಾ,

ಮೊದ್ಲು ತಪ್ಪು ಒಪ್ಪಿಕೊಳ್ತೇನೆ. ನಿನ್ನ ಮೊದಲ ಕಾಗದ ಬಂದ ವಾರವೇ ಲೋಲಾಕ್ಷಿಯ ಕೈಗೆ ಸಿಕ್ಕಿತು. ಎಂದೂ ಅತ್ಲಾಗೆ ಹೋಗದವಳು ಅವತ್ತೇ ರಬ್ಬರ್ ಶೀಟು ಬಿಸಿಲಿಗೆ ಹಾಕ್ಲಿಕ್ಕೆ ಹೋದದ್ದು! "ನೀವಿಬ್ಬರು ಗಂಡಸರು ಸೇರಿ ಆ ಹೆಂಗಸಿನಿಂದ ಎಂತದನ್ನು ಮುಚ್ಚಿಡುದು?" ಅಂತ ಹಾರಿದಳು. ಅದಕ್ಕೇ ನಾನು ಪುತ್ತೂರಿಗೆ ಹೋದದ್ದು. ಮದುವೆ ಇರ್ಲೇ ಇಲ್ಲ. ಪರಮಕ್ಕನ ಹತ್ರ ಮೆಲ್ಲ ಕೇಳಿದೆ, "ತನ್ಮಯಿಗೆ ಯಾವುದಾದ್ರೂ ಕೇಸು ಗೀಸು ಇತ್ತಾ?" ಅಂತ. ಆ ಶಬ್ದ ಕೇಳಿದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವರು ಹೊರಗೆ ಬರ್ಲೇ ಇಲ್ಲ. ಏನೋ ದೊಡ್ಡದೇ ಉಂಟು ಅಂತ ನಾನು ಹೆದರಿ ನಿನಗೆ ಆ ಚುಟುಕು ಕಾಗದ ಬರೆದದ್ದು.

ಇವತ್ತು ಬೆಳಿಗ್ಗೆ ಪರಮಕ್ಕ ಒಬ್ಬರೇ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದರು. ಜಗಲಿಯಲ್ಲಿ ಕೂತು ನಿನ್ನ ಕಾಗದ ಓದಿದರು, ಎರಡನ್ನೂ. ಆಮೇಲೆ, "ಕುಕ್ಕಪ್ಪಣ್ಣಾ, ಇವರಿಗೆ ಗೊತ್ತೇ ಇಲ್ವಾ?" ಅಂತ ಕೇಳಿದರು.

"ಎಂತದು ಅಕ್ಕ?"

"ಅದು ತಿಂಡಿ. ಅವಳು ಅವತ್ತೇ ನನಗೆ ಫೋನ್ ಮಾಡಿದ್ಳು. ನಗಾಡಿ ನಗಾಡಿ ಅವಳಿಗೆ ಮಾತೇ ಹೊರಡ್ಲಿಲ್ಲ. 'ಅಮ್ಮಾ, ಅಪ್ಪ ಎಂತ ಜೋಕ್ ಮಾಡಿದ್ರು ಗೊತ್ತಾ' ಅಂತ. ಇವರಿಗೆ ತಮಾಷೆ ಮಾಡ್ಲಿಕ್ಕೆ ಬರುದಿಲ್ಲ ಅಂತ ಮೂವತ್ತು ವರ್ಷ ಅಂದ್ಕೊಂಡಿದ್ದೆ. ಮಗಳ ಹತ್ರ ಮಾತ್ರ ಮಾಡ್ತಾರೆ ಅಂತ ಅವತ್ತು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಬಂತು."

"ಹಾಗಾದ್ರೆ ಭಟ್ಟನಿಗೆ ಯಾಕೆ ಹೇಳ್ಲಿಲ್ಲ?"

"ಅವಳು ಹೋದ ಮೇಲೆ ಇವರು ಒಂದೇ ಒಂದು ಸಲ ಅವಳ ಹೆಸರು ಹೇಳ್ಲಿಲ್ಲ. ನಾನು ಹೇಳಿದ್ರೆ ಎದ್ದು ಹೋಗ್ತಾರೆ. ಯಾರ ಹತ್ರ ಹೇಳುದು ಅಣ್ಣಾ?"

ಆಮೇಲೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಹುಡುಗಿ ಅವತ್ತೇ ಕಳಿಸಿದ್ದು, ಮಧ್ಯಾಹ್ನ ಎರಡಕ್ಕೆ ಎಂಟು ನಿಮಿಷ ಇರುವಾಗ. ನಿನ್ನ ಹತ್ರ ಇರುದು ಗುಂಡಿ ಒತ್ತುವ ಫೋನ್ ಅಲ್ವಾ, ಅದಕ್ಕೆ ಬರುದಿಲ್ಲ. ಹಾಗೆ ಇಲ್ಲಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಈ ಕಾಗದದ ಒಟ್ಟಿಗೆ ಇಟ್ಟಿದ್ದೇನೆ. ಅದರ ಕೆಳಗೆ ಅವಳು ಬರೆದದ್ದು ನಿಮ್ಮ ಭಾಷೆಯಲ್ಲಿ ಉಂಟು. ಪರಮಕ್ಕ ಹೇಳಿದ ಹಾಗೇ ಹಿಂದುಗಡೆ ಬರೆದಿದ್ದೇನೆ. ನನ್ನ ಅಕ್ಷರ, ಅವಳ ಮಾತು.

ಕುಕ್ಕಪ್ಪ


ಪುಣೆ
೩೦ ಆಗಸ್ಟ್ ೨೦೨೪

ಪರಮೇಶ್ವರಿಗೆ,

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ನಿನಗೆ ಪತ್ರ ಬರೆದದ್ದಿಲ್ಲ. ಹೇಗೆ ಆರಂಭಿಸಬೇಕೆಂಬುದು ಗೊತ್ತಾಗದೆ ಮೂರು ಹಾಳೆ ಹರಿದೆ.

ಕುಕ್ಕಪ್ಪ ಕಳುಹಿಸಿದ ಪಟ ನಿನ್ನೆ ಬಂತು. ಖಾಲಿ ಬಟ್ಟಲು. ಒರೆಸಿಟ್ಟಷ್ಟು ಖಾಲಿ. ಅಂಚಿನಲ್ಲಿ ಒಂದು ಹಪ್ಪಳದ ಮುರುಕು, ಬಟ್ಟಲಿನ ಆಚೆ ಅವಳ ಹೆಬ್ಬೆರಳು. ಪಟದ ಹಿಂದೆ ಕುಕ್ಕಪ್ಪನ ಕೋಳಿಕಾಲು ಅಕ್ಷರದಲ್ಲಿ: "ಅಪ್ಪ ಹೇಳಿದ ಹಾಂಗೆ ಕೇಸು ಮುಗಿಶಿದೆ."

ಅವಳು ನಕ್ಕಳೆಂದು ನೀನು ಹೇಳಿದೆಯಂತೆ. ನಾನು ಮಾಡದ ಹಾಸ್ಯವನ್ನು ನನ್ನ ಲೆಕ್ಕಕ್ಕೆ ಬರೆದು ನಕ್ಕಳು. ಇದಕ್ಕೆ ಪ್ರತಿವಾದ ಹೂಡಲು ನನಗೆ ಮನಸ್ಸಿಲ್ಲ. ಆದರೆ ಆಮೇಲಿನ ಒಂಬತ್ತು ದಿನ ಅವಳು ಫೋನು ಮಾಡಿದಾಗಲೆಲ್ಲ ನಾನು ಎದ್ದು ಹೊರಗೆ ಹೋದದ್ದು ನಿಜ, ಅದನ್ನು ನೀನು ಕಂಡಿದ್ದೀಯೆ. ಅವಳು "ಅಪ್ಪ ಎಲ್ಲಿ?" ಎಂದು ಕೇಳಿದಾಗ ನೀನು ಏನು ಹೇಳುತ್ತಿದ್ದೆ? ಅದನ್ನು ಪತ್ರದಲ್ಲಿ ಬರೆಯಬೇಡ. ಎದುರು ಕುಳಿತು ಹೇಳು. ಅವಳ ಹೆಸರು ಹಿಡಿದು ಹೇಳು. ನಾನು ಏಳುವುದಿಲ್ಲ.

ಇಂದು ಮಧ್ಯಾಹ್ನ ಪುನಃ ಆ ಹೋಟೆಲಿಗೆ ಹೋದೆ. ಪಟದಲ್ಲಿರುವ ಮೇಜು ಕಿಟಕಿಯ ಬದಿಯದು. ಮರದಲ್ಲಿ ಒಂದು ಗಂಟು ಇದೆ, ಅದರಿಂದ ಗುರುತಿಸಿದೆ. ಅಲ್ಲೇ ಕುಳಿತು ಅದನ್ನೇ ತರಿಸಿದೆ. ಹೋಟೆಲು ನಡೆಸುವಾಕೆಗೆ ಮಗಳು ಇನ್ನಿಲ್ಲವೆಂದು ತಿಳಿಸಿದೆ. ಅವರು ಒಳಗೆ ಹೋಗಿ ಇನ್ನಷ್ಟು ಹಪ್ಪಳ ತಂದು ಬಟ್ಟಲಿನ ಪಕ್ಕದಲ್ಲಿಟ್ಟರು. ಉಪ್ಪು ತುಸು ಮುಂದು, ಖಾರ ಹದ. ಮಗಳ ತೀರ್ಪನ್ನು ಎತ್ತಿಹಿಡಿದಿದ್ದೇನೆ. ಆದರೆ ಅರ್ಧಕ್ಕಿಂತ ಮುಂದೆ ಹೋಗಲಾಗಲಿಲ್ಲ. ಅವಳು ಇಡೀ ಬಟ್ಟಲನ್ನು ಒಬ್ಬಳೇ ಹೇಗೆ ಮುಗಿಸಿದಳೋ.

ಸಾಮಾನು ಕಟ್ಟಿದ್ದೇನೆಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಅವಳ ಚಪ್ಪಲಿಯನ್ನೂ ಸರಿಸಿಲ್ಲ. ಸೆಪ್ಟೆಂಬರ್ ಹದಿನೈದರವರೆಗೆ ಕೀಲಿಕೈ ನನ್ನಲ್ಲಿರುತ್ತದೆ. ಕುಕ್ಕಪ್ಪ ನಿನ್ನನ್ನು ಮಂಗಳೂರಿನಲ್ಲಿ ರೈಲು ಹತ್ತಿಸುತ್ತಾನೆ; ಅವನಿಗೂ ಬರೆದಿದ್ದೇನೆ. ಇಲ್ಲಿ ಬೆಳಿಗ್ಗೆ ಚಳಿ ಇದೆ, ಶಾಲು ತಾ.

ಬರವಣಿಗೆಯಲ್ಲಿ ಮನೆಮಾತು ಸಲ್ಲದು ಎಂದು ಅವಳ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದವನು ನಾನು. ಕೆಳಗಿನ ಸಾಲನ್ನು ಎರಡು ಸಲ ಓದಿ ನೋಡಿದೆ, ತಿದ್ದಲಿಲ್ಲ.

ಇಲ್ಲಿ ಕೇಸೊ ಇದ್ದು. ನೀನು ಒಂದರಿ ಬರೆಕ್ಕು.

ಯಜ್ಞೇಶ್ವರ